ಬಿಸಿಲೂರಿನಲ್ಲಿ ನಿಸರ್ಗ ಎಲ್ಲಿದೆ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

“ನಿಮ್ಮ ಬಿಜಾಪುರದಾಗ ಗೋಳಗುಮ್ಮಟ ಬಿಟ್ರ ಮತ್ತೇನೈತ್ರೀ? ರವಿವಾರ ಹುಡುಗರನ್ನ ಕರ್ಕೊಂಡು ನಾಕು ಗಿಡ, ನಾಕು ಹಕ್ಕಿ ನೋಡೂಣಂದ್ರ ಎಲ್ಲಿ ಹೋಗಬೇಕ್ರಿ? ಅದೂ ರೊಕ್ಕ ಖರ್ಚಾಗದಂಗ?”

ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದ ನೌಕರರು, ಸ್ಪರ್ಧಾತ್ಮಕ ಪರೀಕ್ಷೆಗೆ ಓದಲೆಂದು ಬಂದು ಬಾಡಿಗೆ ಕೋಣೆಯಲ್ಲಿರುವ ಹುಡುಗರು, ಶಿರಸಿ ಧಾರವಾಡದ ಕಡೆಯಿಂದ ಇಲ್ಲಿಗೆ ಸೊಸೆಯಾಗಿ ಬಂದ ಹೆಣ್ಣುಮಕ್ಕಳು, ಹೀಗೆ ಎಲ್ಲರೂ ಪರಿಚಯವಾದ ಸ್ವಲ್ಪ ದಿನಕ್ಕೇ ನನಗೆ ಈ ಪ್ರಶ್ನೆ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪೇನೂ ಇಲ್ಲ. ವಿಜಯಪುರ ಮಳೆ ಕಡಿಮೆ ಇರುವ ಸೀಮೆ. ರಾಜ್ಯದಲ್ಲಿ ಅರಣ್ಯ ಅತಿ ಕಡಿಮೆ ಇರುವ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಏಪ್ರಿಲ್ ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿ ದಾಟುತ್ತದೆ. 2011ರ ಜನಗಣತಿಯಲ್ಲೇ ಮೂರು ಲಕ್ಷ ದಾಟಿದ್ದ ಊರು ಈಗ ಕೋಟೆಯ ಗೋಡೆಯಾಚೆ ನಾಲ್ಕೂ ದಿಕ್ಕಿಗೆ ಹರಡಿದೆ. ಮಲೆನಾಡಿನ ಕಾಡನ್ನು ಕಣ್ಣಲ್ಲಿಟ್ಟುಕೊಂಡು ಬಂದವರಿಗೆ ಇಲ್ಲಿ ಮೊದಲು ಕಾಣುವುದು ಕಲ್ಲು, ಧೂಳು ಮತ್ತು ಬೇವಿನ ಮರಗಳು ಮಾತ್ರ.

ಅವರಿಗೆಲ್ಲ ನಾನು ಹೇಳುವುದು ಒಂದೇ ಮಾತು: ಈ ಊರಿನಲ್ಲಿ ಜಾಗಕ್ಕಿಂತ ಮೊದಲು ಹೊತ್ತನ್ನು ಆರಿಸಿಕೊಳ್ಳಬೇಕು. ಹನ್ನೊಂದು ಗಂಟೆಗೆ ತಿಂಡಿ ಮುಗಿಸಿ ಹೊರಟವನಿಗೆ ಯಾವ ಜಾಗ ತೋರಿಸಿದರೂ ಅಲ್ಲಿ ಬಿಸಿಲೊಂದೇ ಸಿಗುತ್ತದೆ, ಏಕೆಂದರೆ ಆ ಹೊತ್ತಿಗೆ ಇಲ್ಲಿನ ಹಕ್ಕಿ, ಅಳಿಲು, ಓತಿಕ್ಯಾತಗಳೆಲ್ಲ ನೆರಳು ಸೇರಿರುತ್ತವೆ. ಅದೇ ಜಾಗಕ್ಕೆ ಬೆಳಗಿನ ಆರಕ್ಕೆ ಹೋದವನು ಬೇರೆಯೇ ಊರನ್ನು ಕಂಡು ಬರುತ್ತಾನೆ. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರು 2023ರ ಜನವರಿ 2ರಂದು ಲಿಂಗೈಕ್ಯರಾಗುವವರೆಗೂ ಈ ನಾಡಿನ ಎಷ್ಟೋ ಜನರನ್ನು ತಮ್ಮ ಬೆಳಗಿನ ಪ್ರವಚನಕ್ಕಾಗಿ ನಸುಕಿನಲ್ಲೇ ಎಬ್ಬಿಸಿದರು. ನಮ್ಮ ಹಿರಿಯರಲ್ಲಿ ಅನೇಕರಿಗೆ ಬೆಳಗಿನ ಗಾಳಿಯ ರುಚಿ ಹತ್ತಿದ್ದು ಹಾಗೆಯೇ ಎಂದು ನಾನು ನಂಬಿದ್ದೇನೆ.

ಹೊತ್ತು ನಿಶ್ಚಯವಾದ ಮೇಲೆ ಮೊದಲ ಜಾಗವಾಗಿ ನಾನು ಹೇಳುವುದು ಉಪ್ಪಲಿ ಬುರುಜನ್ನು. ಸುಮಾರು 1584ರಲ್ಲಿ ಹೈದರ್ ಖಾನನು ಕಟ್ಟಿಸಿದ ಈ ದುಂಡನೆಯ ಕಾವಲು ಗೋಪುರ ಸುಮಾರು 80 ಅಡಿ ಎತ್ತರವಿದೆ. ಮೆಟ್ಟಿಲುಗಳು ಹೊರಮೈಯನ್ನೇ ಸುತ್ತಿಕೊಂಡು ಮೇಲೇರುವುದರಿಂದ ಹತ್ತುತ್ತ ಹೋದಂತೆ ಊರು ಒಂದೊಂದೇ ದಿಕ್ಕಿನಿಂದ ಕಣ್ಣಿಗೆ ಬೀಳುತ್ತದೆ. ಮೇಲೆ ಎರಡು ಉದ್ದನೆಯ ತೋಪುಗಳಿವೆ, ಅಂದರೆ ಹಳೆಯ ಫಿರಂಗಿಗಳು. ಬೆಳಕು ಹರಿದ ಮೇಲೆ ಅವುಗಳ ಪಕ್ಕದಲ್ಲಿ ನಿಂತು ಮೂಡಣಕ್ಕೆ ನೋಡಿದರೆ ಮನೆಗಳ ಮಾಳಿಗೆಗಳಾಚೆ ಗೋಳಗುಮ್ಮಟ, ಪಡುವಣಕ್ಕೆ ತಿರುಗಿದರೆ ಇಬ್ರಾಹಿಂ ರೋಜಾದ ಮಿನಾರುಗಳು, ನಡುವೆ ಮರಗಳ ತಲೆ. ನೆಲದ ಮೇಲೆ ನಿಂತಾಗ ಮರವೇ ಇಲ್ಲವೆನ್ನಿಸುವ ಊರಿನಲ್ಲಿ ಇಷ್ಟೊಂದು ಬೇವು, ಹುಣಸೆ, ಅರಳಿ ಇವೆಯೆಂಬುದು ತಿಳಿಯುವುದು ಅಲ್ಲಿಂದಲೇ. ಚೈತ್ರದ ಹೊತ್ತಿಗೆ ಹೋದರೆ ಬೇವು ಹೂ ಬಿಟ್ಟಿರುತ್ತದೆ. ಅದರ ಕಂಪು ಕೆಳಗಿನ ಓಣಿಗಳಿಂದ ಅಷ್ಟು ಎತ್ತರಕ್ಕೂ ಬರುತ್ತದೆ.

ಅಲ್ಲಿ ನಿಂತವರು ಸ್ಮಾರಕಗಳನ್ನು ಗುರುತಿಸಿ ಫೋಟೊ ತೆಗೆದು ಇಳಿದುಬಿಡುವುದನ್ನು ಕಂಡಾಗಲೆಲ್ಲ, ಇನ್ನೂ ಸ್ವಲ್ಪ ಹೊತ್ತು ನಿಲ್ಲಬಾರದೇ ಎನ್ನಿಸುತ್ತದೆ. ಕುಡುಗೋಲಿನಂತೆ ಬಾಗಿದ ರೆಕ್ಕೆಯ, ಬೆನ್ನಿನ ತುದಿಗೆ ಬಿಳಿ ಪಟ್ಟೆಯಿರುವ ಸಣ್ಣ ಕಪ್ಪು ಹಕ್ಕಿಗಳು ಗುಂಪು ಕಟ್ಟಿಕೊಂಡು ಕಿರುಚುತ್ತ ಗೋಪುರವನ್ನು ಸುತ್ತು ಹಾಕುತ್ತಿರುತ್ತವೆ. ಇವು ಬಾನಾಡಿ (ಸ್ವಿಫ್ಟ್) ಎಂಬ ಹಕ್ಕಿಗಳು. ಇವುಗಳ ಕಾಲು ಎಷ್ಟು ಗಿಡ್ಡವೆಂದರೆ ಕೊಂಬೆಯ ಮೇಲಾಗಲಿ ತಂತಿಯ ಮೇಲಾಗಲಿ ಅವು ಕೂರಲಾರವು. ಉಗುರಿನಿಂದ ಗೋಡೆಗೆ ಜೋತುಬೀಳಬಲ್ಲವು ಅಷ್ಟೆ. ಹಾರುತ್ತಲೇ ಹುಳು ಹಿಡಿಯುತ್ತವೆ, ಹಾರುತ್ತಲೇ ಗಾಳಿಯಲ್ಲಿ ತೇಲುವ ಪುಕ್ಕ, ಹುಲ್ಲೆಳೆ ಆರಿಸಿ, ಅವನ್ನು ತಮ್ಮ ಜೊಲ್ಲಿನಿಂದ ಅಂಟಿಸಿ ಕಮಾನುಗಳ ಒಳಮೈಗೆ ಗೂಡು ಕಟ್ಟುತ್ತವೆ. ಕಾಡಿಲ್ಲದ ಈ ಊರಿನಲ್ಲಿ ಅವುಗಳಿಗೆ ಬೇಕಾದ ಕಡಿದಾದ ಬಂಡೆಯನ್ನು ಒದಗಿಸಿದ್ದು ಆದಿಲಶಾಹಿ ಕಟ್ಟಡಗಳು. ಗೋಡೆಯ ಗಚ್ಚು ಉದುರಿ ಬಿದ್ದ ಸಂದುಗಳಲ್ಲಿ ಗಿಳಿಗಳು ಮರಿ ಮಾಡುತ್ತವೆ, ದೊಡ್ಡ ಪೊಟರೆಗಳಲ್ಲಿ ಗೂಬೆಗಳಿರುತ್ತವೆ. ಪ್ರವಾಸಿಗರು ಇತಿಹಾಸ ನೋಡಲು ಬರುವ ಗೋಡೆಯನ್ನೇ ನಾನು ನಿಸರ್ಗ ನೋಡಲು ತೋರಿಸುವುದು ಇದೇ ಕಾರಣಕ್ಕೆ.

ಅಲ್ಲಿಂದ ಇಳಿದು ಕೋಟೆಯ ಗೋಡೆಯ ಗುಂಟ ನಡೆಯಬಹುದು. ಒಂದನೆಯ ಅಲಿ ಆದಿಲ್ ಶಾಹನ ಕಾಲದಲ್ಲಿ, 1565ರ ಸುಮಾರಿಗೆ ಮುಗಿದ ಈ ಗೋಡೆಯ ಸುತ್ತಳತೆ ಸುಮಾರು 10 ಕಿಲೋಮೀಟರ್. ಅಷ್ಟನ್ನೂ ಒಂದೇ ಸಲಕ್ಕೆ ನಡೆಯಲಾಗದು. ಹಲವು ಕಡೆ ರಸ್ತೆಗಳು ಅದನ್ನು ಸೀಳಿವೆ, ಕೆಲವು ಕಡೆ ಮನೆಗಳು ಒತ್ತಿಕೊಂಡಿವೆ. ಮಲಿಕ್-ಎ-ಮೈದಾನ್ ತೋಪಿರುವ ಶೇರ್ಜಾ ಬುರುಜಿನ ಆಸುಪಾಸಿನಲ್ಲಿ ಅರ್ಧ ತಾಸು ಅಡ್ಡಾಡಿದರೆ ಸಾಕು. ಗೋಡೆಯ ಹೊರಗಿನ ಕಂದಕ ಬೇಸಿಗೆಯಲ್ಲಿ ಒಣಗಿದ ತಗ್ಗು. ಆದರೆ ಭಾದ್ರಪದದಲ್ಲಿ ಎರಡು ದೊಡ್ಡ ಮಳೆಯಾದರೆ ನೀರು ನಿಂತಲ್ಲೆಲ್ಲ ಆಪು ಹುಲ್ಲು ಎದ್ದು ನಿಲ್ಲುತ್ತದೆ, ಕಪ್ಪೆ ಕೂಗುತ್ತವೆ, ಬೆಳ್ಳಕ್ಕಿಗಳು ಬರುತ್ತವೆ. ಆ ಕಂದಕಕ್ಕೆ ಕಸ ಸುರಿಯುವುದನ್ನು ನಾವು ಊರಿನವರೇ ನಿಲ್ಲಿಸಬೇಕು. ಬೇರೆ ಊರುಗಳು ಕೋಟಿಗಟ್ಟಲೆ ಖರ್ಚು ಮಾಡಿ ತೋಡಿಸಿಕೊಳ್ಳುವಂಥ ನೀರ ತಾಣ ನಮಗೆ ನಾಲ್ಕೂವರೆ ಶತಮಾನದಿಂದ ಇದೆ.

ನೀರಿನ ಮಾತು ಬಂದರೆ ಈ ಊರಿನ ಬಗ್ಗೆ ಎಷ್ಟು ಹೇಳಿದರೂ ಮುಗಿಯದು. ಮಳೆ ಕಡಿಮೆಯಿದ್ದುದರಿಂದಲೇ ಇಲ್ಲಿ ನೀರಿಗಾಗಿ ಪಟ್ಟಷ್ಟು ಶ್ರಮವನ್ನು ಬೇರೆ ಕಡೆ ಪಟ್ಟಿಲ್ಲ. 1620ರಲ್ಲಿ ಕಟ್ಟಿದ ತಾಜ್ ಬಾವಡಿ (ಬಾವಡಿ ಎಂದರೆ ಬಾವಿ), ಅದಕ್ಕೂ ಮೊದಲಿನ ಚಾಂದ್ ಬಾವಡಿ, 1651ರಲ್ಲಿ ಮಹಮ್ಮದ್ ಆದಿಲ್ ಶಾಹನು ಕಟ್ಟಿಸಿದ ಬೇಗಂ ತಾಲಾಬ್, ನೆಲದೊಳಗೆ ಕೊಳವೆಯಲ್ಲಿ ಹರಿದು ಬರುವ ನೀರಿನ ಒತ್ತಡ ತಗ್ಗಿಸಲು ದಾರಿಯುದ್ದಕ್ಕೂ ನಿಲ್ಲಿಸಿದ ಗಂಜ್ ಎಂಬ ಕಲ್ಲಿನ ಗೋಪುರಗಳು ಇವೆಲ್ಲ ಒಂದೇ ಯೋಚನೆಯ ಬೇರೆ ಬೇರೆ ಅಂಗಗಳು. ತೊರವಿಯ ಕಡೆಯಿರುವ ಸುರಂಗ ಬಾವಡಿಯಂತೂ ನೆಲದಡಿಯ ಸುರಂಗದಲ್ಲಿ ಬರೀ ಇಳಿಜಾರಿನ ಬಲದಿಂದ ನೀರನ್ನು ಊರಿಗೆ ತರುತ್ತಿತ್ತು. ಜಗತ್ತಿನ ಅಪಾಯದಲ್ಲಿರುವ ಸ್ಮಾರಕಗಳನ್ನು ಗುರುತಿಸುವ ವರ್ಲ್ಡ್ ಮಾನ್ಯುಮೆಂಟ್ಸ್ ವಾಚ್‌ನ 2020ರ ಪಟ್ಟಿಯಲ್ಲಿ ಅದಕ್ಕೆ ಜಾಗ ಸಿಕ್ಕಿತು. ಮಕ್ಕಳಿರುವವರಿಗೆ ನಾನು ಹೇಳುವುದಿಷ್ಟು: ಒಂದು ರವಿವಾರ ಗಂಜ್‌ಗಳನ್ನು ಹುಡುಕುವುದನ್ನೇ ಆಟವಾಗಿ ಮಾಡಿಕೊಳ್ಳಿ. ಓಣಿಯೊಳಗೆ ಒಂದು, ರಸ್ತೆ ಬದಿಯಲ್ಲಿ ಇನ್ನೊಂದು ಸಿಗುತ್ತ ಹೋದಂತೆ ನೀರು ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತಿತ್ತು, ನೆಲ ಎಲ್ಲಿ ಎತ್ತರ ಎಲ್ಲಿ ತಗ್ಗು ಎಂಬುದು ಮಕ್ಕಳ ಕಾಲಿಗೇ ಗೊತ್ತಾಗುತ್ತದೆ.

ಕೆರೆ ನೋಡಬೇಕೆನ್ನುವವರು ಬೇಗಂ ತಾಲಾಬಿನ ಏರಿಯ ಮೇಲೆ ಇಲ್ಲವೇ ಭೂತನಾಳ ಕೆರೆಯ ಕಡೆ ಹೋಗಬಹುದು. ಭೂತನಾಳದ ಸುತ್ತ ಕೋಟಿ ವೃಕ್ಷ ಅಭಿಯಾನದಲ್ಲಿ ನೆಟ್ಟ ಗಿಡಗಳು ಈಗ ನೆರಳು ಕೊಡುವಷ್ಟು ಬೆಳೆದಿವೆ; ಬರಡು ನೆಲದಲ್ಲಿ ಗಿಡ ಹತ್ತುವುದೇ ಇಲ್ಲವೆಂದು ವಾದಿಸುವವರು ಒಮ್ಮೆ ಅಲ್ಲಿಗೆ ಹೋಗಿ ಬರಬೇಕು. ಸೈಕಲ್ ಇದ್ದವರಿಗಂತೂ ಇದು ಒಳ್ಳೆಯ ಬೆಳಗಿನ ದಾರಿ. ನಮ್ಮ ಜಿಲ್ಲೆ ದೇಶಕ್ಕೆ ಒಳ್ಳೊಳ್ಳೆಯ ಸೈಕ್ಲಿಸ್ಟ್‌ಗಳನ್ನು ಕೊಟ್ಟಿದೆ, ನಸುಕಿನಲ್ಲಿ ಹೆದ್ದಾರಿಗೆ ಬಂದರೆ ಸಾಲು ಹಿಡಿದು ಅಭ್ಯಾಸ ಮಾಡುವ ಹುಡುಗ ಹುಡುಗಿಯರು ಈಗಲೂ ಕಾಣುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೂ, ವರ್ಷದಲ್ಲಿ ಒಂದೇ ಕಾಲ ಆರಿಸು ಎಂದರೆ ನಾನು ಆರಿಸುವುದು ಡಿಸೆಂಬರ್ ಜನವರಿಯನ್ನು, ಜಾಗವಾಗಿ ಆರಿಸುವುದು ಊರಂಚಿನ ಎರಿಹೊಲವನ್ನು. ಬೇಸಿಗೆಯಲ್ಲಿ ಮೊಳಕಾಲುದ್ದ ಬಿರುಕು ಬಿಟ್ಟು ನಿಂತಿದ್ದ ಕರಿಮಣ್ಣು ಆ ಬಿರುಕುಗಳಲ್ಲೇ ಹಿಂಗಾರಿ ಮಳೆಯನ್ನು ಕುಡಿದು, ಮುಂದೆ ಮಳೆಯಿಲ್ಲದಿದ್ದರೂ ಆ ಹಸಿಯಲ್ಲೇ ಬಿಳಿಜೋಳವನ್ನು ಬೆಳೆಸುತ್ತದೆ. ಜೋಳದ ಹೊಲದ ಅಂಚಿಗೆ ಕುಸುಬಿ ಹಾಕಿರುತ್ತಾರೆ. ಅದರ ಎಲೆಯ ಮುಳ್ಳಿಗೆ ಅಂಜಿ ದನಕರು ಒಳಗೆ ಬಾರವು. ಆ ಹಳದಿ ಕೇಸರಿ ಹೂವಿನ ಸಾಲಿನ ಹಿಂದೆ ಹಾಲುಗಾಳಿನ ತೆನೆ, ಅದರ ಮೇಲೆ ಗುಲಾಬಿ ಕಬ್ಬಕ್ಕಿಗಳ ಹಿಂಡು. ಮಧ್ಯ ಏಷ್ಯಾದ ಕಡೆ ಮರಿ ಮಾಡಿ ಚಳಿಗಾಲ ಕಳೆಯಲು ಇಲ್ಲಿಯವರೆಗೆ ಬರುವ ಈ ಹಕ್ಕಿಗಳು ಸಾವಿರಗಟ್ಟಲೆ ಒಮ್ಮೆಗೇ ಮೇಲೆದ್ದು ಒಮ್ಮೆಗೇ ತಿರುಗುತ್ತವೆ. ರೈತನಿಗೆ ಅವು ತೆನೆ ತಿನ್ನುವ ಕಾಟ ನಿಜ, ಮಿಡತೆಯನ್ನೂ ತಿನ್ನುತ್ತವೆ ಎಂಬುದೂ ಅಷ್ಟೇ ನಿಜ.

ಎಳ್ಳ ಅಮಾವಾಸ್ಯೆಯ ದಿನ ಊರಿನ ಅರ್ಧ ಜನ ಬುತ್ತಿ ಕಟ್ಟಿಕೊಂಡು ಚರಗ ಚೆಲ್ಲಲು, ಅಂದರೆ ಭೂತಾಯಿಗೆ ಎಡೆಯ ಅಡುಗೆಯನ್ನು ಬೀರಲು, ಹೊಲಕ್ಕೆ ಹೋಗುತ್ತಾರೆ. ಹೊಸಬರು “ನಮಗ ಹೊಲಾ ಎಲ್ಲೈತ್ರಿ” ಎಂದು ಸಂಕೋಚಪಡುತ್ತಾರೆ. ಸಂಕೋಚ ಬೇಡ. ಪಕ್ಕದ ಮನೆಯವರನ್ನೋ ಕಚೇರಿಯ ಸಹೋದ್ಯೋಗಿಯನ್ನೋ ಕೇಳಿ ನೋಡಿ. ಅಂದು ಹೊಲಕ್ಕೆ ಬಂದವರನ್ನು ಉಣ್ಣಿಸದೆ ಕಳಿಸುವ ಮನೆ ಈ ಸೀಮೆಯಲ್ಲಿಲ್ಲ. ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹೋಳಿಗೆಗಳನ್ನು ಬನ್ನಿಗಿಡದ ಬುಡದಲ್ಲಿ ಕೂತು ಉಣ್ಣುವಾಗ ಸುತ್ತ ಒಂದು ಗೋಡೆಯೂ ಕಾಣುವುದಿಲ್ಲ. ಇನ್ನು ಸ್ವಲ್ಪ ದಿನಕ್ಕೆ ಸೀತನಿ. ತಗ್ಗು ತೋಡಿ, ಕುಳ್ಳಿನ ಕೆಂಡದಲ್ಲಿ ಹಸಿ ತೆನೆ ಇಟ್ಟು, ಸುಟ್ಟ ತೆನೆಯನ್ನು ಬಿಸಿಯಿರುವಾಗಲೇ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಉಳಿದ ಹಸಿರು ಕಾಳಿಗೆ ಬೆಲ್ಲವೋ ಗುರೆಳ್ಳು ಚಟ್ನಿಯೋ ಸೇರಿಸಿ ತಿನ್ನುವುದು. ಅಂಗೈ ಸುಡುತ್ತದೆ, ಹೊಗೆ ಕಣ್ಣಿಗೆ ಬರುತ್ತದೆ, ಆದರೂ ಹುಡುಗರು ಹೊಲ ಬಿಟ್ಟು ಏಳುವುದಿಲ್ಲ.

ಹಾಗಾದರೆ ಬೇಸಿಗೆಯಲ್ಲಿ ಏನು ಮಾಡುವುದೆಂದು ಕೇಳುತ್ತಾರೆ. ಬೇಸಿಗೆಯಲ್ಲಿ ನಮ್ಮದು ರಾತ್ರಿಯ ಊರು. ಮಾಳಿಗೆಗೆ ನೀರು ಹಾಕಿ ತಣಿಸಿ, ಹಾಸಿಗೆ ಹಾಸಿ ಮಲಗುವ ರೂಢಿ ಇನ್ನೂ ಉಳಿದಿದೆ, ಮೋಡವಿಲ್ಲದ ಈ ಸೀಮೆಯ ಆಕಾಶ ಅದಕ್ಕೆ ಒಪ್ಪುತ್ತದೆ. ಏಪ್ರಿಲ್ ಮೇ ತಿಂಗಳ ಸಂಜೆ ಬಡಗಣಕ್ಕೆ ಸಪ್ತರ್ಷಿ ಮಂಡಲ ಎತ್ತರದಲ್ಲಿರುತ್ತದೆ. ಹೊತ್ತು ಏರಿದಂತೆ ಆಗ್ನೇಯದಲ್ಲಿ ವೃಶ್ಚಿಕ ಮೇಲೇಳುತ್ತದೆ. ಹಗಲಿನ ಒಂದು ನೋಟವೂ ಇದೆ. ಮೇ ತಿಂಗಳ ಮೊದಲ ಹತ್ತು ದಿನಗಳೊಳಗೆ ಒಂದು ದಿನ ಸೂರ್ಯ ನಮ್ಮ ನೆತ್ತಿಯ ನೇರಕ್ಕೆ ಬರುತ್ತಾನೆ, ಹನ್ನೆರಡೂವರೆಗೆ ಸ್ವಲ್ಪ ಮುಂಚೆ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಕರ್ಕಾಟಕ ವೃತ್ತಕ್ಕಿಂತ ಉತ್ತರದ ದೆಹಲಿಯವರಿಗೆ ಇದು ಎಂದೂ ಕಾಣದು. ಮಕ್ಕಳಿಗೆ ಒಂದು ಕೋಲು ಕೊಟ್ಟು, ಒಂದು ವಾರ ಪ್ರತಿ ಮಧ್ಯಾಹ್ನ ನೆರಳನ್ನು ಸೀಮೆಸುಣ್ಣದಿಂದ ಗುರುತು ಮಾಡಿಸಿ. ಆ ದಿನ ಯಾವುದೆಂದು ಅವರೇ ಹೇಳುತ್ತಾರೆ. ಐದು ನಿಮಿಷದ ಕೆಲಸ, ತಲೆಗೆ ಟವೆಲ್ ಇರಲಿ.

ಖರ್ಚಿನ ಬಗ್ಗೆ ಎರಡು ಮಾತು. ಗೋಳಗುಮ್ಮಟ ಮತ್ತು ಇಬ್ರಾಹಿಂ ರೋಜಾಕ್ಕೆ ಟಿಕೆಟ್ ಇದೆ, 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಉಪ್ಪಲಿ ಬುರುಜು, ಗಗನ ಮಹಲ್, ಬಾರಾಕಮಾನ್, ಕೋಟೆಯ ಗೋಡೆ ಇವಕ್ಕೆ ಹಣ ಬೇಕಿಲ್ಲ. 1561ರ ಗಗನ ಮಹಲಿನ ಮುಂದಿನ ಹುಲ್ಲುಹಾಸು ವಯಸ್ಸಾದವರಿಗೂ ಪುಟ್ಟ ಮಕ್ಕಳಿಗೂ ಅನುಕೂಲ, ಊರ ನಡುವೆಯೇ ಇರುವುದರಿಂದ ನಡೆದೇ ಹೋಗಬಹುದು. ದೂರದವರಿಗೆ ನಗರ ಬಸ್ಸು, ಟಂಟಂ ಇವೆ.

ಹೆಣ್ಣುಮಕ್ಕಳು ಒಬ್ಬರೇ ಹೋಗಬಹುದೇ ಎಂದೂ ಕೇಳುತ್ತಾರೆ, ಅದಕ್ಕೆ ನಾನು ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ. ಗಗನ ಮಹಲ್, ಬಾರಾಕಮಾನ್, ಜಿಲ್ಲಾ ಕ್ರೀಡಾಂಗಣಗಳಲ್ಲಿ ಬೆಳಿಗ್ಗೆ ವಾಕಿಂಗ್ ಮಾಡುವ ಹೆಣ್ಣುಮಕ್ಕಳೇ ಬೇಕಾದಷ್ಟು ಜನ ಇರುತ್ತಾರೆ, ಅಲ್ಲಿ ಅಂಜಿಕೆಯಿಲ್ಲ. ಕೋಟೆಯ ಹಿಂಬದಿ, ಕೆರೆಯ ಏರಿ, ತೊರವಿಯ ಹಾಳು ಕಟ್ಟಡಗಳ ಕಡೆಗೆ ಮಾತ್ರ ಮೂರು ನಾಲ್ಕು ಜನ ಜೊತೆಯಾಗಿ, ಬೆಳಕಿದ್ದಾಗ ಹೋಗಿ ಬರುವುದು ಲೇಸು. ಗಂಡಸರಿಗೂ ನಾನು ಹೇಳುವುದು ಇದನ್ನೇ, ಏಕೆಂದರೆ ಅಲ್ಲಿ ಕಲ್ಲು ಸಡಿಲವಿದೆ, ಮಳೆಗಾಲದಲ್ಲಿ ಹಾವು ಚೇಳುಗಳೂ ಇರುತ್ತವೆ. ಕಾಲಿಗೆ ಬೂಟು, ಕೈಯಲ್ಲಿ ನೀರಿನ ಬಾಟಲಿ ಇರಲಿ, ಆ ಬಾಟಲಿ ಖಾಲಿಯಾದ ಮೇಲೆ ಮನೆಗೇ ವಾಪಸ್ ಬರಲಿ.