ಬೆಳೆ ಹಬ್ಬದ ಏಲಂ

ಉಡುಪಿ ಸೀಮೆಯ ನಮ್ಮ ಕ್ರೈಸ್ತ ಸಭೆ ಬಹಳ ಸಣ್ಣದು. ಮುಂಬಯಿ, ಬೆಂಗಳೂರು, ಗಲ್ಫ್ ಎಂದು ಚದುರಿಹೋದವರೆಲ್ಲ ರಜೆ ಹಾಕಿ ಬಂದರಷ್ಟೇ ದೇವಾಲಯದ ಹಿಂದಿನ ಬೆಂಚುಗಳು ತುಂಬುತ್ತವೆ. 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದು ಆರಂಭಿಸಿದ ಬಾಸೆಲ್ ಮಿಶನ್ ಎಂಬ ಸ್ವಿಟ್ಜರ್ಲೆಂಡಿನ ಧರ್ಮಪ್ರಚಾರ ಸಂಸ್ಥೆಯ ಕೆಲಸದಿಂದ ಕರಾವಳಿಯಲ್ಲಿ ಹುಟ್ಟಿಕೊಂಡ ಸಭೆಗಳಲ್ಲಿ ನಮ್ಮದೂ ಒಂದು. 1947ರಲ್ಲಿ ಹಲವು ಸಭೆಗಳು ಒಂದಾಗಿ ದಕ್ಷಿಣ ಭಾರತ ಸಭೆ ರೂಪುಗೊಂಡು ನಾಮಫಲಕ ಬದಲಾದರೂ ಊರವರ ಬಾಯಲ್ಲಿ ಅದು ಇಂದಿಗೂ ಮಿಶನ್ ಚರ್ಚೇ. ಹೊರಗಿನವರು ಕ್ರಿಸ್ಮಸ್ಸಿನ ಸಡಗರ ನೋಡಲು ಬರುತ್ತಾರೆ. ಆದರೆ ನಮ್ಮ ಸಭೆಯನ್ನು ಅದರ ನಿಜಸ್ವಭಾವದಲ್ಲಿ ಕಾಣಬೇಕಾದರೆ ಮಳೆಗಾಲದ ಭತ್ತವಾದ ಏಣೆಲಿನ ಕೊಯ್ಲು ಮುಗಿದ ಮೇಲೆ ನಡೆಯುವ ಬೆಳೆ ಹಬ್ಬಕ್ಕೆ ಬರಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ವಿಚಿತ್ರವೆಂದರೆ ಬೆಳೆ ಹಬ್ಬ ಆಚರಿಸುವ ನಮ್ಮಲ್ಲಿ ಗದ್ದೆಯುಳ್ಳ ಮನೆಗಳು ಬೆರಳೆಣಿಕೆಯಷ್ಟು. ಕ್ರೈಸ್ತರಾದ ಹಿರಿಯರಲ್ಲಿ ಅನೇಕರು ಮನೆಮಠ, ಗೇಣಿಯ ಭೂಮಿ, ಕುಲಕಸುಬು ಎಲ್ಲವನ್ನೂ ಕಳೆದುಕೊಂಡಾಗ ಅವರಿಗೆ ಅನ್ನದ ದಾರಿ ತೋರಿಸಲೆಂದೇ ಮಿಶನ್ ನೇಯ್ಗೆಯ ಮತ್ತು ಹಂಚಿನ ಕಾರ್ಖಾನೆಗಳನ್ನು ತೆರೆಯಿತು. 1865ರಲ್ಲಿ ಮಿಶನ್ನಿನ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಶುರುಮಾಡಿದ ಹಂಚಿನ ಕೆಲಸ ಮುಂದೆ 'ಮಂಗಳೂರು ಹಂಚು' ಎಂದು ಸಮುದ್ರದಾಚೆಗೂ ಹೆಸರಾಯಿತು. ಹೀಗಾಗಿ ನಮ್ಮ ಅಜ್ಜಂದಿರು ಕೊಯ್ದದ್ದಕ್ಕಿಂತ ಮಣ್ಣು ತುಳಿದು ಹಂಚು ಒತ್ತಿದ್ದೇ ಹೆಚ್ಚು. ಪ್ರಥಮಫಲವನ್ನು ಪುಟ್ಟಿಯಲ್ಲಿಟ್ಟು ದೇವರ ಸನ್ನಿಧಿಗೆ ತರಬೇಕೆಂದು ಸತ್ಯವೇದದ (ಬೈಬಲಿನ) ಧರ್ಮೋಪದೇಶಕಾಂಡದ ಇಪ್ಪತ್ತಾರನೆಯ ಅಧ್ಯಾಯ ಹೇಳುತ್ತದೆ. ಪುಟ್ಟಿ ಎಲ್ಲರಲ್ಲೂ ಇದೆ, ಫಲವನ್ನು ಮಾತ್ರ ಹೇಗಾದರೂ ಹೊಂದಿಸಿಕೊಳ್ಳಬೇಕು.

ಈ ವರ್ಷದ ಹಬ್ಬದ ಬೆಳಿಗ್ಗೆ ವೇದಿಕೆಯ ಮುಂದೆ ಹೊಂದಿಸಿದ್ದನ್ನೇ ನೋಡಿ. ಗದ್ದೆಯಿರುವ ಮನೆಯವರು ತಂದ ಭತ್ತದ ಕದಿರುಗಳನ್ನು ಸ್ತ್ರೀಯರ ಕೂಟದವರು ಎದುರಿಗೆ ಎದ್ದು ಕಾಣುವಂತೆ ನಿಲ್ಲಿಸಿದ್ದರು, ಏಕೆಂದರೆ ಬೆಳೆ ಹಬ್ಬವೆಂದು ಹೇಳಿಕೊಳ್ಳಲು ಇದ್ದ ಗಟ್ಟಿ ಆಧಾರ ಅದೊಂದೇ. ಅದರ ಹಿಂದೆ ಬಾಳೆಗೊನೆ, ಸೌತೆಕಾಯಿ, ಕುಂಬಳಕಾಯಿ, ತೆಂಗಿನಕಾಯಿ. ಅವುಗಳ ಪಕ್ಕದಲ್ಲಿ ಬೇಕರಿಯ ಕೇಕು, ಮಾವಿನ ಉಪ್ಪಿನಕಾಯಿ, ಅಂಗಡಿಯ ಚೀಟಿಯನ್ನು ಅರ್ಧ ಕಿತ್ತ ಸೇಬು, ಕಾಲು ಕಟ್ಟಿದ ಒಂದು ಹುಂಜ. ಹಂಚಿನ ಕಾರ್ಖಾನೆಯಲ್ಲಿ ಆಯಸ್ಸು ಕಳೆದು ನಿವೃತ್ತರಾದ ಅಜ್ಜನೊಬ್ಬರು ಮುಚ್ಚಿಹೋದ ತಮ್ಮ ಕಾರ್ಖಾನೆಯ ಹಂಚೊಂದನ್ನು ಚೆನ್ನಾಗಿ ತೊಳೆದು ತಂದು ಕುಂಬಳಕಾಯಿಗೆ ಒರಗಿಸಿಟ್ಟರು. ಇದೇನಜ್ಜಾ ಎಂದು ಸಂಡೇ ಸ್ಕೂಲಿನ ಹುಡುಗಿಯೊಬ್ಬಳು ಕೇಳಿದ್ದಕ್ಕೆ, ನಾನು ಬೆಳೆದದ್ದು ಇದನ್ನೇ ಮಗೂ ಎಂದರು. ಅವರ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. ತಮಾಷೆಯೋ ನಿಜವೋ ಎಂದು ಕೊನೆಯವರೆಗೂ ತಿಳಿಯದಂತೆ ಮಾತಾಡುವುದು ನಮ್ಮ ಕಡೆಯ ಹಿರಿಯರಿಗೆ ಕರಗತವಾದ ವಿದ್ಯೆ.

ಆರಾಧನೆ ಎಂದಿನಂತೆ ನಡೆಯಿತು. ಜರ್ಮನ್ ರಾಗದ ಕನ್ನಡ ಕೀರ್ತನೆಯನ್ನು ಹಿಂದಿನ ಬೆಂಚಿನ ಹಿರಿಯರು ತಮ್ಮ ತಾತಂದಿರ ಕಾಲದ ನಿಧಾನದಲ್ಲಿ ಹಾಡಿದರು; ಕೀಬೋರ್ಡಿನ ತರುಣ ಒಂದು ಸಾಲು ಮುಂದೆ ಓಡಿ, ತಿರುಗಿ ನೋಡಿ, ಕಾದು ನಿಂತ. ಸಭಾಪಾಲಕರಾದ ಅಯ್ಯನವರು ಪ್ರಸಂಗದ ನಡುಭಾಗಕ್ಕೆ ಬಂದು, ಕೃತಜ್ಞತೆಯ ಮೂರನೆಯ ಲಕ್ಷಣವನ್ನು ವಿವರಿಸಲು ಕನ್ನಡಕ ಸರಿಪಡಿಸಿಕೊಳ್ಳುತ್ತಿದ್ದಾಗ ಹುಂಜವು ಕತ್ತೆತ್ತಿ ದೀರ್ಘವಾಗಿ ಕೂಗಿತು. ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದರು, ದೊಡ್ಡವರು ಸತ್ಯವೇದದೊಳಗೆ ಮುಖ ತೂರಿಸಿದರು. ಅಯ್ಯನವರು ಸ್ವಲ್ಪ ಹೊತ್ತು ಹುಂಜವನ್ನೇ ನೋಡಿ, "ಇದು ಎರಡನೆಯ ಸಾರಿ ಕೂಗುವುದರೊಳಗೆ ಮುಗಿಸಿಬಿಡುತ್ತೇನೆ, ಇಲ್ಲವಾದರೆ ಈ ಮನುಷ್ಯನನ್ನು ನಾವು ಅರಿಯೆವು ಎಂದು ನೀವೆಲ್ಲ ಹೇಳಿಬಿಟ್ಟೀರಿ" ಎಂದರು. ಹುಂಜ ಎರಡು ಸಾರಿ ಕೂಗುವುದರೊಳಗೆ ಯೇಸುವನ್ನು ಅರಿಯೆನೆಂದ ಶಿಷ್ಯ ಪೇತ್ರನ ಕಥೆ ಬಲ್ಲವರು ಮೊದಲು ನಕ್ಕರು, ಉಳಿದವರು ಅವರನ್ನು ನೋಡಿ ನಕ್ಕರು. ಮಾತು ಕೊಟ್ಟಂತೆ ನಾಲ್ಕನೆಯ ಲಕ್ಷಣವನ್ನು ಅವರು ಮುಂದಿನ ವರ್ಷಕ್ಕೆ ಉಳಿಸಿಕೊಂಡರು.

ಕಾಣಿಕೆಯಾಗಿ ಬಂದ ವಸ್ತುಗಳ ಏಲಂ ಆರಂಭವಾಗುವುದು ಆಶೀರ್ವಚನದ ನಂತರ, ಅಂಗಳದ ಮಾವಿನ ಮರದ ಕೆಳಗೆ. ಕೂಗುವವರು ನಿವೃತ್ತ ಮೇಷ್ಟ್ರು. ತರಗತಿಯಲ್ಲಿ ಅವರ ಬಾಯಿಗೆ ಹೆದರಿದವರೇ ಈಗ ಅದೇ ಬಾಯಿಗೆ ಸಿಕ್ಕಿ ಹಣ ಬಿಚ್ಚುತ್ತಾರೆ. "ಒಂಜಿ... ರಡ್ಡ್..." ಎಂದು ತುಳುವಿನಲ್ಲಿ ಎಣಿಸುತ್ತ ಎಳೆದು, "ಮೂಜಿ" ಎನ್ನುವ ಮೊದಲು ಅವರು ಜನರನ್ನು ಒಮ್ಮೆ ದಿಟ್ಟಿಸುವ ಬಗೆಯಲ್ಲಿ, ಹಳೆಯ ಲೆಕ್ಕದ ಪರೀಕ್ಷೆಯ ಭಯವೆಲ್ಲ ಮರಳಿ ಬರುತ್ತದೆ. ಈ ಏಲಂನಲ್ಲಿ ವಸ್ತುವಿನ ಬೆಲೆಗೂ ಪೇಟೆಯ ಬೆಲೆಗೂ ಯಾವ ಸಂಬಂಧವೂ ಇಲ್ಲ. ಕೊಂಡವನು ಅಲ್ಲೇ ಹಿಂದಿರುಗಿಸಿ ಮತ್ತೊಮ್ಮೆ ಕೂಗಿಸುವುದೂ ವಾಡಿಕೆ. ಹುಂಜ ಹೀಗೆ ಹಲವರ ಆಸ್ತಿಯಾಗಿ, ಯಾರ ಮನೆಗೂ ಹೋಗದೆ ಮರದ ಕೆಳಗೇ ಉಳಿಯಿತು. ಸಕ್ಕರೆ ಕಾಯಿಲೆಯವರ ತಲೆಗೆ ಕೇಕು ಕಟ್ಟಲು ಅವರ ಮಕ್ಕಳೇ ಒಳಸಂಚು ನಡೆಸಿದರು. ಗಲ್ಫಿನಿಂದ ಬಂದ ಇಬ್ಬರು ಭಾವ ಮೈದುನರು ಬಾಳೆಗೊನೆಗಾಗಿ ಹಟಕ್ಕೆ ಬಿದ್ದು ಬೆಲೆ ಏರಿಸುತ್ತಲೇ ಹೋದಾಗ ನನಗೆ ಸ್ವಲ್ಪ ಇರಿಸುಮುರಿಸಾದದ್ದು ನಿಜ. ಪ್ರತಿಷ್ಠೆಯ ವಾಸನೆ ಬಂದ ಕೂಡಲೇ ನಗು ಸಣ್ಣಗಾಗುತ್ತದೆ. ಮೇಷ್ಟ್ರು ಅದನ್ನು ನನಗಿಂತ ಮೊದಲೇ ಗ್ರಹಿಸಿದರು. "ಗೊನೆಯನ್ನು ಇಬ್ಬರೂ ಅರ್ಧರ್ಧ ಹೊತ್ತುಕೊಂಡು ಹೋಗಿ, ಹಣವನ್ನು ಮಾತ್ರ ಇಬ್ಬರೂ ಪೂರ್ತಿ ಕೊಡಿ" ಎಂದು ತೀರ್ಪಿತ್ತು ಮುಂದಿನ ವಸ್ತುವಿಗೆ ಕೈಹಾಕಿದರು.

ಆ ಮುಂದಿನ ವಸ್ತು ಬಸಳೆಯ ಒಂದು ಸಣ್ಣ ಕಟ್ಟು. ಅದನ್ನು ತಂದವರು ಬೀಡಿ ಕಟ್ಟಿ ಬದುಕುವ, ಒಬ್ಬರೇ ಇರುವ ವೃದ್ಧೆ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಅವರ ಮನೆಯ ಮಾಡು ಮಳೆಗಾಲದಲ್ಲಿ ಸೋರುತ್ತದೆಂಬುದೂ, ಯಾರಾದರೂ ಸಹಾಯವೆಂದು ಲಕೋಟೆ ನೀಡಿದರೆ ಅವರು ಅದನ್ನು ಹಾಗೆಯೇ ಕಾಣಿಕೆ ಚೀಲಕ್ಕೆ ಹಾಕಿಬಿಡುತ್ತಾರೆಂಬುದೂ ಗೊತ್ತು. ಮೇಷ್ಟ್ರು ಕಟ್ಟನ್ನು ಎತ್ತಿ ಹಿಡಿದು, "ಈ ಬಸಳೆ ಹಾಕಿದ ಪದಾರ್ಥ ತಿಂದವರಿಗೆ ಕೀರ್ತನೆಯ ರಾಗ ತಪ್ಪುವುದಿಲ್ಲ" ಎಂದು ಸಾರಿದರು. ಕೀಬೋರ್ಡಿನ ತರುಣನೇ ಮೊದಲ ಕೂಗು ಹಾಕಿದ. ಹಿಂದಿನ ಬೆಂಚಿನವರು ಅದು ತಮ್ಮ ಮೇಲಿನ ಬಾಣವೆಂದು ತಿಳಿದು ಏರಿಸಿದರು. ನಗುತ್ತ ನಗುತ್ತ ಬೆಲೆಯು ಬಾಳೆಗೊನೆಯನ್ನೂ ದಾಟಿಹೋಯಿತು. ವೃದ್ಧೆ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ, "ಹುಚ್ಚು ಹಿಡಿದಿದೆ ನಿಮಗೆಲ್ಲ" ಎಂದು ಬೈದರು. ಆ ದಿನದ ಅತಿ ದೊಡ್ಡ ದಾನಿಯೆಂದು ಮೇಷ್ಟ್ರು ಅವರ ಹೆಸರನ್ನೇ ಘೋಷಿಸಿದಾಗ ಇನ್ನೂ ಜೋರಾಗಿ ಬೈದರು. ಹಂಚಿನ ಸರದಿ ಬಂದಾಗ ಅದನ್ನು ಯುವಜನರ ಕೂಟ ಕೊಂಡಿತು, ಮತ್ತು ಒಂದೇ ಹಂಚಿನಿಂದ ಮಾಡು ಆಗುವುದಿಲ್ಲವಲ್ಲ ಎಂದು ಆ ವೃದ್ಧೆಗೆ ಕೇಳುವಂತೆಯೇ ತಮ್ಮೊಳಗೆ ಚರ್ಚೆ ನಡೆಸಿತು. ನವೆಂಬರಿನೊಳಗೆ ಅವರ ಮನೆಯ ಮೇಲೆ ಹುಡುಗರು ಹತ್ತಿದ್ದರು. ಅಜ್ಜ ಕೆಳಗೆ ಕುರ್ಚಿ ಹಾಕಿಕೊಂಡು ಕುಳಿತು ಪ್ರತಿ ಹಂಚಿನ ಕೂಡಿಕೆಯನ್ನೂ ಟೀಕಿಸಿದರು.

ಮುಂದಿನ ಸಭಾಸದಸ್ಯರ ಕೂಟದಲ್ಲಿ ಸದಸ್ಯರೊಬ್ಬರು ಗಂಭೀರವಾದ ಸಲಹೆಯೊಂದನ್ನು ಮಂಡಿಸಿದರು. ದೇವಾಲಯದ ಅಂಗಳದಲ್ಲಿ ಹೀಗೆ ಸಂತೆ ಕಟ್ಟುವುದು ಶೋಭೆಯಲ್ಲ, ಬೇರೆ ಕೆಲವು ಸಭೆಗಳಂತೆ ನಾವೂ ಮನೆಮನೆಗೆ ಲಕೋಟೆ ಹಂಚಿ ಹಬ್ಬದ ಕಾಣಿಕೆ ಸಂಗ್ರಹಿಸಿದರೆ ಹಣವೂ ಹೆಚ್ಚು, ಸಮಯವೂ ಉಳಿತಾಯ ಎಂದರು. ಅವರ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ, ಖಜಾಂಚಿಗಳು ತಲೆಯಾಡಿಸಿದರು. ಆಗ ಸ್ತ್ರೀಯರ ಸಾಲಿನಿಂದ ಆ ವೃದ್ಧೆ ಎದ್ದು ನಿಂತು, "ಆಗಲಿ, ಆದರೆ ಆ ಲಕೋಟೆಯಲ್ಲಿ ಬಸಳೆ ಹಿಡಿಸುತ್ತದೆಯೋ?" ಎಂದು ಕೇಳಿದರು. ನಡಾವಳಿ ಬರೆಯುತ್ತಿದ್ದ ಕಾರ್ಯದರ್ಶಿಗಳು ಈ ಪ್ರಶ್ನೆಯನ್ನು ದಾಖಲಿಸಬೇಕೋ ಬೇಡವೋ ಎಂದು ಅಯ್ಯನವರ ಮುಖ ನೋಡಿದರು. ಅಯ್ಯನವರು, ದೊಡ್ಡ ಅಕ್ಷರದಲ್ಲಿ ಬರೆಯಿರಿ ಎಂದರು.