ದೆಲಾಕ್ರ್ವಾ ಬಿಡಿಸಿದ ನರಕದ ದೋಣಿ

ಫ್ರೆಂಚ್ ಚಿತ್ರಕಾರ ಯೂಜೀನ್ ದೆಲಾಕ್ರ್ವಾ 24ರ ವಯಸ್ಸಿನ ಆಸುಪಾಸಿನಲ್ಲಿ ಬಿಡಿಸಿ, 1822ರ ಪ್ಯಾರಿಸ್ ಸಲೋನ್ ಎಂಬ ಕಲಾಪ್ರದರ್ಶನದಲ್ಲಿ ಇಟ್ಟ ‘ದಾಂತೆಯ ದೋಣಿ’ಯನ್ನು ಇಂದು ಬಹಳ ಹೊತ್ತು ನೋಡುತ್ತ ಕುಳಿತಿದ್ದೆ. ಇಟಲಿಯ ಕವಿ ದಾಂತೆಯ ನರಕಯಾತ್ರೆಯ ಕಾವ್ಯ ‘ಇನ್ಫರ್ನೋ’ದ ಎಂಟನೆಯ ಸರ್ಗದಲ್ಲಿ ಬರುವಂತೆ ದಾಂತೆ ಮತ್ತು ಅವನಿಗೆ ದಾರಿ ತೋರುವ ಪ್ರಾಚೀನ ರೋಮನ್ ಕವಿ ವರ್ಜಿಲ್ ನರಕದ ಸ್ಟಿಕ್ಸ್ ನದಿಯನ್ನು ದಾಟುತ್ತಿದ್ದಾರೆ; ಹಿಂದೆ ನರಕದೊಳಗಿನ ದೀಸ್ ನಗರ ಹೊತ್ತಿ ಉರಿಯುತ್ತಿದೆ, ಮುಳುಗೇಳುವ ಪಾಪಿಗಳಲ್ಲೊಬ್ಬ ದೋಣಿಯ ಅಂಚನ್ನೇ ಹಲ್ಲಿನಿಂದ ಕಚ್ಚಿ ಹಿಡಿದಿದ್ದಾನೆ. ಆ ಬೆತ್ತಲೆ ಮೈಗಳಿಂದ ಇಳಿಯುವ ನೀರಹನಿಗಳನ್ನು ಹತ್ತಿರದಿಂದ ನೋಡಿದರೆ, ಒಂದರೊಡನೊಂದು ಬೆರೆಸದೆ ಪಕ್ಕಪಕ್ಕದಲ್ಲೇ ಇಟ್ಟ ಕೆಂಪು, ಹಸಿರು, ಹಳದಿ, ಬಿಳಿ ಬಣ್ಣಗಳು ಕಾಣಿಸುತ್ತವೆ. ದೂರ ಸರಿದರೆ ಅವೇ ನೀರಾಗಿ ಹೊಳೆಯುತ್ತವೆ. ದಾಂತೆಯನ್ನು ಧೀರನನ್ನಾಗಿಸದೆ, ಕೈಯೆತ್ತಿ ತತ್ತರಿಸುವ ಮನುಷ್ಯನನ್ನಾಗಿಯೇ ಉಳಿಸಿದ್ದು ನನಗೆ ಎಲ್ಲಕ್ಕಿಂತ ಹಿಡಿಸಿತು. ಫ್ರೆಂಚ್ ಸರ್ಕಾರ ಅದೇ ವರ್ಷ ಕೊಂಡುಕೊಂಡ ಈ ಚಿತ್ರ ಈಗ ಲೂವ್ರ್ ಸಂಗ್ರಹಾಲಯದಲ್ಲಿದೆ.