ಐಡಲ್ ವಾಲ್ವ್ ಕಥೆ: ಕಳ್ಳ ಸಿಕ್ಕ, ಅದೂ ಹೇರ್ ಡ್ರೈಯರ್ ಮುಂದೆ

ಮೂರು ವಾರದಿಂದ ನನ್ನ ಗಾಡಿಯ ಈ ದರಿದ್ರ ಐಡಲ್ (ಆಕ್ಸಿಲರೇಟರ್ ಒತ್ತದೆ ಇಂಜಿನ್ ಸುಮ್ನೆ ಓಡೋದು) ತೊಂದ್ರೆ ಹಿಂದೆ ಬಿದ್ದಿದ್ದೆ, ಇವತ್ತು ಸಿಕ್ಕಿಬಿತ್ತು. ಇಂಜಿನ್ ತಣ್ಣಗಿದ್ದಾಗ ಗಾಡಿ ಬಂಗಾರ, ಅರ್ಧ ಗಂಟೆ ಓಡಿಸಿ ಸಿಗ್ನಲಲ್ಲಿ ನಿಲ್ಸಿದ್ರೆ ಆರ್‌ಪಿಎಂ 500ಕ್ಕೆ ಬಿದ್ದು 1,400ಕ್ಕೆ ಹಾರಿ ಮತ್ತೆ ಬಿದ್ದು, ಏಸಿ ಹಾಕಿದ್ರಂತೂ ಗಪ್ ಅಂತ ಆಫ್. ಸ್ಕ್ಯಾನರ್ ಹೇಳಿದ್ದು ಪಿ0505, ಐಡಲ್ ಕಂಟ್ರೋಲಲ್ಲಿ ಏನೋ ತೊಂದ್ರೆ ಅಂತ. ಅದು ನಂಗೂ ಗೊತ್ತಪ್ಪಾ, ಕಿವಿ ಇದೆ.

ಥ್ರಾಟಲ್ ಬಾಡಿ (ಇಂಜಿನಿಗೆ ಗಾಳಿ ಹೋಗೋ ಬಾಯಿ) ತೊಳ್ದಾಯ್ತು, ಎಲ್ಲಾದ್ರೂ ಕಳ್ಳಗಾಳಿ ನುಗ್ತಿದ್ಯಾ ಅಂತ ವ್ಯಾಕ್ಯೂಮ್ ಲೀಕ್ ನೋಡಾಯ್ತು. ಐಡಲಲ್ಲಿ ಇಂಜಿನಿಗೆ ಎಷ್ಟು ಗಾಳಿ ಅಂತ ನೋಡ್ಕೊಳೋ ಐಡಲ್ ವಾಲ್ವ್ ಬಿಚ್ಚಿ, ಪಿಂಟಲ್ (ಗಾಳಿ ದಾರಿ ಮುಚ್ಚಿ ತೆರೆಯೋ ಚೂಪು ಮೂತಿ) ಮಸಿ ತೆಗ್ದೆ (ಮೂತಿ ಕೆಳಗೆ ಮಾಡ್ಕೊಂಡೇ, ಕ್ಲೀನರ್ ಮೋಟರ್ ಒಳಗೆ ಇಳಿದ್ರೆ ಮುಗೀತು). ಒಳಗಿರೋದು ನಾಲ್ಕು ಪಿನ್ ಸ್ಟೆಪ್ಪರ್ (ಹೆಜ್ಜೆ ಹೆಜ್ಜೆಯಾಗಿ ತಿರುಗೋ ಎರಡು ಕಾಯಿಲ್ ಮೋಟರ್), ಮೀಟರ್ ಇಟ್ರೆ ಒಂದು ಕಾಯಿಲ್ 52 ಓಮ್, ಇನ್ನೊಂದು 53. ಸರಿಯಾಗೇ ಇದೆಯಲ್ಲ ಅಂತ ವಾಲ್ವನ್ನ ಅನುಮಾನದ ಪಟ್ಟಿಯಿಂದಲೇ ಕೈಬಿಟ್ಟೆ. ದಡ್ಡತನ ಆಗಿದ್ದು ಇಲ್ಲೇ. ಆಮೇಲೆ ಎರಡು ವೀಕೆಂಡ್ ಹಾರ್ನೆಸ್ ಟೇಪ್ ಬಿಚ್ಚಿ ಒಂದೊಂದೇ ವೈರ್ ಎಳೆದೆಳೆದು ನೋಡ್ದೆ, ಬೆರಳಿಗೆ ಅಂಟು ಮೆತ್ಕೊಂಡಿದ್ದೇ ಲಾಭ.

ಮಧ್ಯೆ ತಡೀಲಾರದೆ ಹೊಸ ವಾಲ್ವ್ ತರಿಸ್ದೆ. ಡಬ್ಬದ ಮೇಲೆ 'ಒರಿಜಿನಲ್', ಒಳಗಿನ ಪಿಂಟಲ್ ಮೂತಿ ಬೇರೆಯೇ ಆಕಾರ, ಓ-ರಿಂಗೇ ಇಲ್ಲ. ಹಳೇ ರಿಂಗ್ ಹಾಕಿ ಕೂರಿಸಿದ್ರೆ ತಣ್ಣಗಿದ್ರೂ ಬಿಸಿ ಇದ್ರೂ 1,800. ಅಂಗಡಿಯವನಿಗೆ ಫೋಟೋ ಕಳಿಸಿದ್ರೆ 'ಸೇಮ್ ಪಾರ್ಟ್ ಸರ್' ಅಂತಾನೆ. ನಿಮ್ಮಜ್ಜಿ ಸೇಮ್ ಪಾರ್ಟ್.

ಮತ್ತೆ ಹಳೇದನ್ನೇ ಹಾಕ್ದೆ. ಇವತ್ತು ಬಿಸಿ ಇಂಜಿನಿಂದ ಅದನ್ನ ಬಟ್ಟೆ ಸುತ್ತಿ ತೆಗ್ದು, ಸುಮ್ನೆ ಚಾಳಿಗೆ ಮೀಟರ್ ಇಟ್ಟೆ. ಎರಡನೇ ಕಾಯಿಲ್ ಓಪನ್, ಅಂದ್ರೆ ಕರೆಂಟ್ ದಾರಿಯೇ ಕಡಿದಿದೆ! ಹತ್ತು ನಿಮಿಷ ಬಿಟ್ಟು ನೋಡಿದ್ರೆ ಮತ್ತೆ 53. ಮೀಟರಿಗೇ ತಲೆ ಕೆಟ್ಟಿದ್ಯಾ ಅಂತ ಮೊಸಳೆ ಕ್ಲಿಪ್ ಹಾಕಿ ಟೇಬಲ್ ಮೇಲಿಟ್ಟು ಹೇರ್ ಡ್ರೈಯರ್ ಬಿಟ್ಟೆ. 53, 55, 58... ತಾಮ್ರ ಬಿಸಿಯಾದ್ರೆ ಓಮ್ ಏರ್ಲೇಬೇಕು, ಸರಿ... 60, ಆಮೇಲೆ ಟಪ್ ಅಂತ ಓಎಲ್ (ಓಪನ್ ಆದಾಗ ಮೀಟರ್ ತೋರಿಸೋದು). ಮೂರು ಸಲ ಮಾಡ್ದೆ, ಮೂರು ಸಲಾನೂ ಅದೇ ಜಾಗದಲ್ಲಿ. ಬಿಸಿಗೆ ಹಿಗ್ಗಿ ಒಳಗೆಲ್ಲೋ ಕಾಯಿಲ್ ತಂತಿ ಬಿಟ್ಕೋತಿದೆ. ಒಂದೇ ಕಾಯಿಲಲ್ಲಿ ಸ್ಟೆಪ್ಪರ್ ನಿಂತಲ್ಲೇ ನಡುಗತ್ತೆ ಅಷ್ಟೆ, ಆದ್ರೆ ಈಸಿಯುಗೆ (ಇಂಜಿನ್ ಕಂಪ್ಯೂಟರಿಗೆ) ಪಿಂಟಲ್ ಎಲ್ಲಿದೆ ಅಂತ ಕಾಣಲ್ಲ, ತಾನು ಕೊಟ್ಟ ಸ್ಟೆಪ್ ಎಣಿಸ್ಕೊಂಡು 'ತೆರೆದಿದೆ' ಅನ್ಕೊಂಡು ಕೂತಿರತ್ತೆ ಪಾಪ.

ಇದಾದ್ಮೇಲೆ ಒಂದು ಬೆಂಚ್ ಟೆಸ್ಟರ್ ಮಾಡ್ಲೇಬೇಕು ಅಂತ ತಲೇಲಿ ಹುಳ ಬಿಟ್ಕೊಂಡಿದ್ದೀನಿ, ಆರ್ಡುಯಿನೋ ಅನ್ನೋ ಪುಟ್ಟ ಕಂಟ್ರೋಲರ್ ಬೋರ್ಡು, ಎರಡು ಬಟನ್, ಪಿಂಟಲ್ ಮುಂದೆ ಹಿಂದೆ. ಮೋಟರ್ ಓಡಿಸೋಕೆ ಯುಎಲ್ಎನ್2003 ಚಿಪ್ ಆಗ್ಲೇ ತಗೊಂಡಾಯ್ತು, ಆಮೇಲೆ ನೆನಪಾಯ್ತು ಈ ಮೋಟರ್ ಬೈಪೋಲಾರ್, ಕಾಯಿಲಲ್ಲಿ ಕರೆಂಟ್ ಎರಡೂ ದಿಕ್ಕಿಗೆ ಹರಿಸ್ಬೇಕು, ಅದಕ್ಕೆ ಎಲ್293ಡಿ ತರದ್ದು ಬೇಕು ಅಂತ. ಜಾಸ್ತಿ ಮುಂದೆ ಓಡಿಸಿದ್ರೆ ಪಿಂಟಲ್ ಸ್ಪ್ರಿಂಗ್ ಸಮೇತ ಹಾರಿ ಹೋಗತ್ತೆ, ಅದಕ್ಕೂ ಒಂದು ಲಿಮಿಟ್ ಹಾಕ್ಬೇಕು.

ಸದ್ಯ ಬೇರೆ ಅಂಗಡಿಯವ್ರಿಗೆ, ಪಿಂಟಲ್ ಪಕ್ಕ ಸ್ಕೇಲ್ ಇಟ್ಟು ಫೋಟೋ ಕಳಿಸಿ, ಆಮೇಲೇ ದುಡ್ಡು ಅಂದಿದ್ದೀನಿ. ಇನ್ನೂ ಉತ್ತರ ಇಲ್ಲ. ಹೇರ್ ಡ್ರೈಯರ್ ಬೇರೆ ಕ್ಲೀನರ್ ವಾಸನೆ ಹೊಡೀತಿದೆ, ಅಕ್ಕ ಇನ್ನೂ ನೋಡಿಲ್ಲ.